ದುಡಿಮೆಯೊಡನೆ ವಿದ್ಯೆ: ವಿದ್ಯಾರ್ಥಿಯ ಅರ್ಹತೆ ಮತ್ತು ಗಳಿಕೆಯ ಮಿತಿ

ಪುಣೆ ನಗರದ ಮುಳಾ-ಮುಠಾ ನದಿಯ ಉತ್ತರ ದಡದಲ್ಲಿರುವ ಯೆರವಡಾ ಎಂದೊಡನೆ ಬಹುಮಂದಿಗೆ ನೆನಪಾಗುವುದು ಅಲ್ಲಿಯ ಕೇಂದ್ರ ಕಾರಾಗೃಹ. ಸ್ವಾತಂತ್ರ್ಯ ಹೋರಾಟದ ಅನೇಕ ನಾಯಕರು ಸೆರೆವಾಸ ಅನುಭವಿಸಿದ ಸ್ಥಳವದು. ಅದೇ ಯೆರವಡಾದಲ್ಲಿ ಡೆಕ್ಕನ್ ಕಾಲೇಜು ಕೂಡ ಇದೆ. 1821ರಲ್ಲಿ ಪುಣೆಯ ವಿಶ್ರಾಮಬಾಗ್ ವಾಡೆಯಲ್ಲಿ ಸಂಸ್ಕೃತ ಪಾಠಶಾಲೆಯಾಗಿ ಆರಂಭವಾದ ಈ ವಿದ್ಯಾಸಂಸ್ಥೆಯು 1864ರಲ್ಲಿ ಈ ಹೆಸರನ್ನು ಪಡೆದು, 1868ರಲ್ಲಿ ಯೆರವಡಾದ ತನ್ನ ಕಲ್ಲಿನ ಕಟ್ಟಡಕ್ಕೆ ಬಂದಿತು. ಒಂದು ಸೆರೆಮನೆ, ಇನ್ನೊಂದು ವಿದ್ಯಾಮಂದಿರ. ಇವೆರಡರ ಚರಿತ್ರೆಯಲ್ಲಿಯೂ ಒಂದು ಪ್ರಶ್ನೆಗೆ ದೊರೆತ ಉತ್ತರಗಳು ಅಡಗಿವೆ: ಕೈಯಲ್ಲಿ ಹಣವಿಲ್ಲದ ವಿದ್ಯಾರ್ಥಿಯು ಓದನ್ನು ಮುಂದುವರಿಸುವುದು ಹೇಗೆ? ಅವನಿಗೆ ನೆರವು ನೀಡುವುದಾದರೆ ಅದಕ್ಕೆ ಅರ್ಹರು ಯಾರು? ಓದುವ ಕಾಲದಲ್ಲಿಯೇ ಅವನು ದುಡಿಯುವುದಾದರೆ ಎಷ್ಟು ದುಡಿಯಬೇಕು, ಎಷ್ಟು ಗಳಿಸಬೇಕು?

ಈ ಪ್ರಶ್ನೆ ಕನ್ನಡಿಗರಿಗೆ ಹೊಸದಲ್ಲ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಗುವವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಭಾಗದ ತರುಣರು ಪದವಿ ಶಿಕ್ಷಣಕ್ಕೆ ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಆಲೂರ ವೆಂಕಟರಾಯರೂ ದ. ರಾ. ಬೇಂದ್ರೆಯವರೂ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದವರೇ. ದೂರದ ಊರಿಗೆ ಹೋದ ಬಡ ವಿದ್ಯಾರ್ಥಿಗೆ ಶುಲ್ಕಕ್ಕಿಂತಲೂ ದೊಡ್ಡ ಚಿಂತೆ ಊಟದ್ದು. ಕನ್ನಡ ನಾಡಿನಲ್ಲಿ ಇದಕ್ಕೆ 'ವಾರಾನ್ನ' ಎಂಬ ಏರ್ಪಾಡಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ದಿನ ಏಳು ಮನೆಗಳಲ್ಲಿ ಉಂಡು ಓದುವುದು. ಪುಣೆಯಲ್ಲಿ ಮನೆಮನೆಯಿಂದ ಅನ್ನ ಬೇಡಿ ತರುವ 'ಮಾಧುಕರಿ' ಎಂಬ ಪದ್ಧತಿಯಿತ್ತು. ಈ ಏರ್ಪಾಡುಗಳಿಂದ ಓದಿ ಮುಂದೆ ಬಂದವರು ಹಲವರು. ಆದರೆ ಇವುಗಳಲ್ಲಿ ಎರಡು ಕೊರತೆಗಳಿದ್ದವು. ಮೊದಲನೆಯದಾಗಿ, ಅನ್ನವು ಹೆಚ್ಚಾಗಿ ಜಾತಿಯನ್ನು ಕೇಳಿ ಬಡಿಸಲ್ಪಡುತ್ತಿತ್ತು. ಎರಡನೆಯದಾಗಿ, ಉಂಡವನು ಋಣಿಯಾಗುತ್ತಿದ್ದನು. ಮನೆಯೊಡತಿಯ ಮುಖಭಾವವನ್ನು ನೋಡಿ ತುತ್ತು ನುಂಗುವ ಸಂಕೋಚ ವಾರಾನ್ನದ ಹುಡುಗನಿಗೆ ಮಾತ್ರ ತಿಳಿದಿತ್ತು.

ನೆರವಿಗೆ ಯಾರು ಅರ್ಹರು ಎಂಬ ವಿಚಾರ ಕಾಲಕ್ರಮದಲ್ಲಿ ಹೇಗೆ ಬದಲಾಯಿತೆಂಬುದಕ್ಕೆ ಡೆಕ್ಕನ್ ಕಾಲೇಜಿನ ಚರಿತ್ರೆಯೇ ಉತ್ತಮ ನಿದರ್ಶನ. ಪೇಶ್ವೆಗಳು ಪುಣೆಯಲ್ಲಿ ವರ್ಷಕ್ಕೊಮ್ಮೆ ಬ್ರಾಹ್ಮಣ ಪಂಡಿತರಿಗೆ ದಕ್ಷಿಣೆ ಹಂಚುತ್ತಿದ್ದರು. ಅಲ್ಲಿ ಹುಟ್ಟೇ ಮೊದಲ ಅರ್ಹತೆ. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದ ಮೇಲೆ ಆ ನಿಧಿಯ ಒಂದು ಭಾಗವನ್ನು ಸಂಸ್ಕೃತ ಪಾಠಶಾಲೆಗೆ ಬಳಸಲಾಯಿತು. ಮುಂದೆ ಅದೇ ನಿಧಿಯಿಂದ ಕಾಲೇಜುಗಳಲ್ಲಿ 'ದಕ್ಷಿಣಾ ಫೆಲೋ' ಎಂಬ ಸ್ಥಾನಗಳು ಏರ್ಪಟ್ಟವು. ಪರೀಕ್ಷೆಯಲ್ಲಿ ಮೇಲ್ಮೆ ತೋರಿದವರು ತಮ್ಮ ವ್ಯಾಸಂಗವನ್ನು ಮುಂದುವರಿಸುತ್ತಲೇ ಕೆಳಗಿನ ತರಗತಿಗಳಿಗೆ ಪಾಠ ಹೇಳಿ ಮಾಸಿಕ ವೇತನ ಪಡೆಯುತ್ತಿದ್ದರು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರೂ ವಿದ್ವಾಂಸ ರಾಮಕೃಷ್ಣ ಗೋಪಾಲ ಭಾಂಡಾರಕರರೂ ತಮ್ಮ ತಾರುಣ್ಯದಲ್ಲಿ ದಕ್ಷಿಣಾ ಫೆಲೋಗಳಾಗಿದ್ದರು. ದಾನವಾಗಿದ್ದುದು ಹೀಗೆ ದುಡಿಮೆಯ ಪ್ರತಿಫಲವಾಯಿತು; ಜನ್ಮದ ಅರ್ಹತೆ ಇದ್ದಲ್ಲಿ ಯೋಗ್ಯತೆಯ ಅರ್ಹತೆ ಬಂದಿತು. ಆದರೂ ಕಾಲೇಜಿನ ಮೆಟ್ಟಿಲನ್ನೇ ತುಳಿಯಲಾಗದವರಿಗೆ ಇದರಿಂದ ಆದ ಪ್ರಯೋಜನ ಏನೂ ಇರಲಿಲ್ಲ. ಯೋಗ್ಯತೆಯನ್ನು ತೋರಿಸಲು ಮೊದಲು ಅವಕಾಶ ಬೇಕಷ್ಟೆ.

ಆ ಅವಕಾಶದ ಮಾತು ಬಂದುದು ಯೆರವಡಾದ ಸೆರೆಮನೆಯೊಳಗೆ. 1932ರ ಸೆಪ್ಟೆಂಬರ್ 20ರಂದು ಮಹಾತ್ಮಾ ಗಾಂಧಿಯವರು ಅಲ್ಲಿ ಉಪವಾಸ ಆರಂಭಿಸಿದರು. ಸೆಪ್ಟೆಂಬರ್ 24ರಂದು ಪುಣೆ ಒಪ್ಪಂದಕ್ಕೆ ಸಹಿ ಬಿತ್ತು. ಡಾ. ಬಾಬಾಸಾಹೇಬ ಅಂಬೇಡ್ಕರ್ ಅವರೂ ಪಂಡಿತ ಮದನ ಮೋಹನ ಮಾಲವೀಯರೂ ಸಹಿ ಹಾಕಿದವರಲ್ಲಿ ಪ್ರಮುಖರು. ಶಾಸನಸಭೆಯ ಸ್ಥಾನಗಳ ಕಾರಣದಿಂದ ಈ ಒಪ್ಪಂದ ಪ್ರಸಿದ್ಧವಾಗಿದೆ. ಅದರ 9ನೆಯ ಅಂಶದ ಕಡೆಗೆ ಮಾತ್ರ ಅಷ್ಟಾಗಿ ಗಮನ ಹರಿದಿಲ್ಲ. ಪ್ರತಿಯೊಂದು ಪ್ರಾಂತದ ಶಿಕ್ಷಣ ಅನುದಾನದಲ್ಲಿ ದಲಿತ ವರ್ಗಗಳ ಶಿಕ್ಷಣ ಸೌಲಭ್ಯಕ್ಕಾಗಿ ಸಾಕಷ್ಟು ಮೊತ್ತವನ್ನು ಮೀಸಲಿಡಬೇಕೆಂಬುದು ಆ ಅಂಶದ ಸಾರ. ಸಮಾಜ ಯಾರಿಗೆ ಅವಕಾಶವನ್ನು ನಿರಾಕರಿಸಿತ್ತೋ ಅವರಿಗೆ ನೆರವಿನಲ್ಲಿ ಮೊದಲ ಹಕ್ಕು ಎಂಬ ತತ್ತ್ವವು ಇಲ್ಲಿ ಬರಹಕ್ಕಿಳಿಯಿತು.

ಇದರ ಅಗತ್ಯವನ್ನು ಅಂಬೇಡ್ಕರ್ ಅವರು ಸ್ವಂತ ಬಾಳಿನಿಂದಲೇ ಅರಿತಿದ್ದರು. 1913ರಲ್ಲಿ ಅವರು ಅಮೆರಿಕಕ್ಕೆ ತೆರಳಿದುದು ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಿಂದ. ವ್ಯಾಸಂಗ ಮುಗಿದ ಮೇಲೆ 10 ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರು ಅದಕ್ಕಿತ್ತು. ಲಂಡನ್ನಿನಲ್ಲಿ ಅರ್ಧಕ್ಕೆ ನಿಂತ ಓದನ್ನು ಪೂರ್ಣಗೊಳಿಸಲು ಅವರು 1918ರಿಂದ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ ದುಡಿದು ಹಣ ಕೂಡಿಟ್ಟು, 1920ರಲ್ಲಿ ಮರಳಿ ಲಂಡನ್ನಿಗೆ ಹೋದರು. 1946ರಲ್ಲಿ ಅವರ ಸಂಸ್ಥೆ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜನ್ನು ತೆರೆದಾಗ, ಹಗಲು ನೌಕರಿ ಮಾಡುವವರಿಗೆ ಅನುಕೂಲವಾಗಲೆಂದು ಬೆಳಗಿನ ಹೊತ್ತಿನಲ್ಲಿ ತರಗತಿಗಳನ್ನು ನಡೆಸಲಾಯಿತು. ದುಡಿಯುವ ವಿದ್ಯಾರ್ಥಿಗೆ ವೇಳಾಪಟ್ಟಿಯೂ ಒಂದು ನೆರವೇ ಎಂಬುದನ್ನು ಇದು ತೋರಿಸುತ್ತದೆ.

ಪುಣೆ ಒಪ್ಪಂದದ ನೆನಪಿಗಾಗಿ ಪುಣೆಯಲ್ಲಿ 'ಯೂನಿಯನ್ ಬೋರ್ಡಿಂಗ್' ಎಂಬ ವಿದ್ಯಾರ್ಥಿ ನಿಲಯವನ್ನು ಸ್ಥಾಪಿಸಿದವರು ಕರ್ಮವೀರ ಭಾವುರಾವ್ ಪಾಟೀಲರು. ಕೊಲ್ಲಾಪುರ ಜಿಲ್ಲೆಯ ಕುಂಭೋಜದಲ್ಲಿ 1887ರಲ್ಲಿ ಜೈನ ಮನೆತನದಲ್ಲಿ ಜನಿಸಿದ ಅವರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಸಾತಾರೆಯ ಅವರ ವಿದ್ಯಾರ್ಥಿ ನಿಲಯದಲ್ಲಿ ಎಲ್ಲ ಜಾತಿಯ ಹುಡುಗರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ದವಸ ಮುಗಿದಾಗ ಪತ್ನಿ ಲಕ್ಷ್ಮೀಬಾಯಿಯವರು ತಮ್ಮ ಒಡವೆಗಳನ್ನು ಮಾರಿ ಹುಡುಗರಿಗೆ ಅನ್ನವಿಕ್ಕಿದರು. ಆದರೆ ದಾನವನ್ನೇ ನಂಬಿ ಕೂಡುವುದು ಪಾಟೀಲರ ಮಾರ್ಗವಾಗಿರಲಿಲ್ಲ. ಹುಡುಗರು ಹೊಲದಲ್ಲಿ ದುಡಿದರು, ಅಡಿಗೆ ಮಾಡಿದರು. ಸ್ವಾವಲಂಬನೆಯ ಶಿಕ್ಷಣ ಎಂಬುದು ಸಂಸ್ಥೆಯ ಧ್ಯೇಯವಾಯಿತು. 1947ರಲ್ಲಿ ಸಾತಾರೆಯಲ್ಲಿ ಆರಂಭವಾದ ಛತ್ರಪತಿ ಶಿವಾಜಿ ಕಾಲೇಜಿನಿಂದ 'ಗಳಿಸು, ಕಲಿ' ಎಂಬ ಈ ಪದ್ಧತಿ ಪದವಿ ಶಿಕ್ಷಣಕ್ಕೂ ವಿಸ್ತರಿಸಿತು. ಇಂದು ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯ ನಡೆಸುತ್ತಿರುವ ವಿದ್ಯಾರ್ಥಿ ದುಡಿಮೆಯ ಯೋಜನೆಗೆ ಕರ್ಮವೀರರ ಹೆಸರನ್ನೇ ಇಡಲಾಗಿದೆ. ಬಡ ಕುಟುಂಬದ, ವಿಶೇಷವಾಗಿ ಗ್ರಾಮೀಣ ಪ್ರದೇಶದ ವಿದ್ಯಾರ್ಥಿಗಳು ಗ್ರಂಥಾಲಯ, ಕಚೇರಿ, ಪ್ರಯೋಗಾಲಯ, ತೋಟ ಮುಂತಾದ ಕಡೆ ತರಗತಿಯ ವೇಳೆಯ ಹೊರಗೆ ಕೆಲಸ ಮಾಡಿ ಗಂಟೆಯ ಲೆಕ್ಕದಲ್ಲಿ ಹಣ ಪಡೆಯುವ ಏರ್ಪಾಡಿದು.

ಗಾಂಧಿಯವರೂ ಯೆರವಡಾದಲ್ಲಿ ದುಡಿಮೆಯ ವಿಚಾರವನ್ನು ಆಳವಾಗಿ ಚಿಂತಿಸಿದ್ದರು. 1930ರಲ್ಲಿ ಅಲ್ಲಿಂದ ಆಶ್ರಮವಾಸಿಗಳಿಗೆ ಬರೆದ ಪತ್ರಗಳಲ್ಲಿ ಅನ್ನಕ್ಕಾಗಿ ಪ್ರತಿಯೊಬ್ಬನೂ ಮೈಮುರಿದು ದುಡಿಯಬೇಕೆಂಬ ವ್ರತದ ವಿವರಣೆಯಿದೆ. ಪೆಟ್ಟಿಗೆಯಲ್ಲಿ ಮಡಿಸಿಡಬಹುದಾದ ಚರಕವು ಯೆರವಡಾದ ಹೆಸರಿನಿಂದಲೇ ಪ್ರಸಿದ್ಧವಾಯಿತು. 1937ರ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ಅವರು ಕೈಕಸುಬಿನ ಮೂಲಕ ಕಲಿಸುವ, ಸಾಧ್ಯವಾದಷ್ಟೂ ತನ್ನ ವೆಚ್ಚವನ್ನು ತಾನೇ ಭರಿಸುವ ಶಿಕ್ಷಣವನ್ನು ಮುಂದಿಟ್ಟರು. ಆ ಕುರಿತು ವರದಿ ಸಿದ್ಧಪಡಿಸಿದ ಡಾ. ಜಾಕಿರ್ ಹುಸೇನ್ ಸಮಿತಿ ಯೋಜನೆಯನ್ನು ಒಪ್ಪಿತು. ಅದರೊಡನೆ ಒಂದು ಎಚ್ಚರಿಕೆಯನ್ನೂ ನೀಡಿತು. ಆದಾಯದ ಕಡೆಗೇ ಲಕ್ಷ್ಯ ಹೋದರೆ ಶಿಕ್ಷಣದ ಉದ್ದೇಶ ಬಲಿಯಾಗಬಹುದು, ಮಕ್ಕಳಿಂದ ಹೆಚ್ಚು ಹೆಚ್ಚು ದುಡಿಮೆಯನ್ನು ಹಿಂಡುವುದೇ ಉಪಾಧ್ಯಾಯರ ಕೆಲಸವಾಗಬಹುದು ಎಂಬುದೇ ಆ ಎಚ್ಚರಿಕೆ. ದುಡಿಮೆಗೆ ಮಿತಿ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಮರ್ಥನೆ ದೊರೆಯುವುದು ಕಷ್ಟ.

ಅಮೆರಿಕದಲ್ಲಿ 1964ರ ಆರ್ಥಿಕ ಅವಕಾಶ ಕಾಯಿದೆಯಿಂದ ಕಾಲೇಜು ವಿದ್ಯಾರ್ಥಿಗಳ ದುಡಿಮೆಗೆ ರಾಷ್ಟ್ರಮಟ್ಟದ ಯೋಜನೆಯೊಂದು ರೂಪುಗೊಂಡಿತು. ಕಾಯಿದೆಗೆ ಅಂಕಿತ ಹಾಕಿದ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ತಾವು ಓದಿದ ಕಾಲೇಜಿನಲ್ಲಿಯೇ ಕಸ ಗುಡಿಸುವ ಕೆಲಸ ಮಾಡಿದ್ದವರು. ಬಡ ಕುಟುಂಬದ ವಿದ್ಯಾರ್ಥಿಗಳಿಗೆ ಆದ್ಯತೆ ನೀಡಬೇಕು, ತರಗತಿಗಳು ನಡೆಯುವ ದಿನಗಳಲ್ಲಿ ವಾರಕ್ಕೆ 15 ಗಂಟೆಗಿಂತ ಹೆಚ್ಚು ಕೆಲಸ ಕೊಡಬಾರದು ಎಂದು ಮೂಲ ಕಾಯಿದೆಯಲ್ಲಿ ವಿಧಿಸಲಾಗಿತ್ತು. ಆ ಯೋಜನೆ ಇಂದಿಗೂ ನಡೆಯುತ್ತಿದೆ. ವಿದ್ಯಾರ್ಥಿಯ ಅಗತ್ಯವನ್ನು ಲೆಕ್ಕಹಾಕಿ, ವರ್ಷಕ್ಕೆ ಇಷ್ಟು ಮೊತ್ತ ಗಳಿಸಬಹುದೆಂದು ಗೊತ್ತುಪಡಿಸಲಾಗುತ್ತದೆ. ಕಾನೂನಿನ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವಂತಿಲ್ಲ. ತರಗತಿಯ ವೇಳೆಯಲ್ಲಿ ಕೆಲಸ ಮಾಡಿಸುವಂತಿಲ್ಲ. ಈ ಯೋಜನೆಯಲ್ಲಿ ಗಳಿಸಿದ ಹಣವನ್ನು ಮುಂದಿನ ವರ್ಷದ ನೆರವಿನ ಲೆಕ್ಕದಲ್ಲಿ ವಿದ್ಯಾರ್ಥಿಯ ಆದಾಯವೆಂದು ಎಣಿಸುವುದೂ ಇಲ್ಲ. ಈ ಕೊನೆಯ ಅಂಶ ಮುಖ್ಯವಾದುದು. ದುಡಿದ ಕಾರಣಕ್ಕಾಗಿಯೇ ನೆರವು ಕಡಿತವಾದರೆ ದುಡಿಯುವ ಮನಸ್ಸು ಯಾರಿಗೆ ಬಂದೀತು?

ವಿದೇಶಗಳಿಗೆ ಮಕ್ಕಳನ್ನು ಓದಲು ಕಳುಹಿಸುವ ಕನ್ನಡ ಕುಟುಂಬಗಳೂ ಇಂತಹ ಮಿತಿಗಳನ್ನು ತಿಳಿದಿರಬೇಕು. ಭಾರತದಿಂದ ಹೋದ ವಿದ್ಯಾರ್ಥಿಗೆ ಅಮೆರಿಕದಲ್ಲಿ ತರಗತಿಗಳು ನಡೆಯುವ ಅವಧಿಯಲ್ಲಿ ಕಾಲೇಜಿನ ಆವರಣದೊಳಗೆ ವಾರಕ್ಕೆ 20 ಗಂಟೆಯ ಮಿತಿಯಿದೆ. ಬ್ರಿಟನ್ನಿನಲ್ಲಿ ಪದವಿ ವಿದ್ಯಾರ್ಥಿಗಳಿಗೂ ಸಾಮಾನ್ಯವಾಗಿ 20 ಗಂಟೆಯೇ. ಆಸ್ಟ್ರೇಲಿಯಾ 2023ರ ಜುಲೈಯಿಂದ ಎರಡು ವಾರಕ್ಕೆ 48 ಗಂಟೆಗಳ ಮಿತಿಯನ್ನೂ, ಕೆನಡಾ 2024ರ ನವೆಂಬರಿನಿಂದ ಆವರಣದ ಹೊರಗಿನ ಕೆಲಸಕ್ಕೆ ವಾರಕ್ಕೆ 24 ಗಂಟೆಗಳ ಮಿತಿಯನ್ನೂ ಜಾರಿಗೆ ತಂದಿವೆ. ಈ ಮಿತಿಯನ್ನು ಮೀರಿದರೆ ವೀಸಾಕ್ಕೇ ಕುತ್ತು ಬರುತ್ತದೆ. ಆದುದರಿಂದ ಮಗ ಅಥವಾ ಮಗಳು ಅಲ್ಲಿ ದುಡಿದು ಸಾಲ ತೀರಿಸುವರೆಂಬ ಲೆಕ್ಕದ ಮೇಲೆ ಹೊಲ ಅಡವಿಡುವ ಮುನ್ನ ಈ ಗಂಟೆಗಳ ಲೆಕ್ಕವನ್ನು ಮಾಡುವುದು ವಿವೇಕ.

ಭಾರತದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಸಾಮಾಜಿಕವಾಗಿ ಮತ್ತು ಆರ್ಥಿಕವಾಗಿ ಹಿಂದುಳಿದ ವಿದ್ಯಾರ್ಥಿಗಳಿಗಾಗಿ ರೂಪಿಸಿದ ಮಾರ್ಗಸೂಚಿಗಳಲ್ಲಿ ಕಲಿಕೆಯೊಡನೆ ಗಳಿಕೆಯ ವಿಚಾರವನ್ನು ಪ್ರಸ್ತಾಪಿಸಿದೆ. ವಾರಕ್ಕೆ ಹೆಚ್ಚೆಂದರೆ 20 ಗಂಟೆ, ತಿಂಗಳಿಗೆ 20 ದಿನ, ಅದೂ ತರಗತಿಯ ವೇಳೆಯ ಹೊರಗೆ ಎಂಬುದು ಅದರಲ್ಲಿಯ ಸೂಚನೆ. ಗಂಟೆಯ ದರ, ಅರ್ಹತೆಯ ವಿವರಗಳು ಮಾತ್ರ ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಬಗೆಯಾಗಿವೆ.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಗಂಟೆಗೆ ಮಿತಿ ಹಾಕುವುದು ಬೇರೆ, ಗಳಿಕೆಗೆ ಮಿತಿ ಹಾಕುವುದು ಬೇರೆ. ಮೊದಲನೆಯದು ಓದಿನ ರಕ್ಷಣೆಗಾಗಿ. ಎರಡನೆಯದು ಇರುವ ನಿಧಿಯನ್ನು ಹೆಚ್ಚು ಮಂದಿಗೆ ಹಂಚುವುದಕ್ಕಾಗಿ. ಎರಡೂ ನ್ಯಾಯವಾದ ಉದ್ದೇಶಗಳೇ. ಆದರೆ ಅವು ಬಿಗಿಯಾಗಿ, ದರವೂ ಕಡಿಮೆಯಾದರೆ ಏನಾಗುವುದೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ದಿನಕ್ಕೆ 3 ಗಂಟೆಯಂತೆ ತಿಂಗಳಿಗೆ 20 ದಿನ ಒಬ್ಬ ವಿದ್ಯಾರ್ಥಿನಿ ಗ್ರಂಥಾಲಯದಲ್ಲಿ ದುಡಿಯುವಳೆಂದು ಭಾವಿಸೋಣ. ಒಟ್ಟು 60 ಗಂಟೆ. ದರ ಗಂಟೆಗೆ 40 ರೂಪಾಯಿಯಾದರೆ ಕೈಗೆ ಬರುವುದು 2,400 ರೂಪಾಯಿ. ಊಟದ ಖರ್ಚೇ ತಿಂಗಳಿಗೆ 3,000 ರೂಪಾಯಿ ಇದ್ದಲ್ಲಿ 600 ರೂಪಾಯಿ ಸಾಲದು. ಆ 600 ರೂಪಾಯಿಗಾಗಿ ಅವಳು ಸಂಜೆ ಅಂಗಡಿಯೊಂದರಲ್ಲಿ ನಿಲ್ಲುತ್ತಾಳೆ. ಅಲ್ಲಿ ಗಂಟೆಯ ಮಿತಿಯಿಲ್ಲ, ಪರೀಕ್ಷೆಗೆ ಬಿಡುವಿಲ್ಲ, ರಾತ್ರಿ ಹೊತ್ತಾಯಿತೆಂದು ಕೇಳುವವರಿಲ್ಲ. ಅವಳ ಓದನ್ನು ಕಾಯಲೆಂದು ಹಾಕಿದ ಮಿತಿಯೇ ಅವಳನ್ನು ಮಿತಿಯಿಲ್ಲದ ದುಡಿಮೆಗೆ ದೂಡಿದಂತಾಯಿತು. ದರ ಗಂಟೆಗೆ 50 ರೂಪಾಯಿಯಾಗಿದ್ದರೆ ಅದೇ 60 ಗಂಟೆಗೆ 3,000 ರೂಪಾಯಿ ಬಂದು, ಸಂಜೆಯ ಹೊತ್ತು ಪುಸ್ತಕಕ್ಕೆ ಉಳಿಯುತ್ತಿತ್ತು. ಗಂಟೆಗಳನ್ನು ಮಿತಗೊಳಿಸುವ ಸಂಸ್ಥೆಯು ಆ ಗಂಟೆಗಳ ಬೆಲೆಯನ್ನು ಕಾಲಕಾಲಕ್ಕೆ ಪರಿಷ್ಕರಿಸುವ ಹೊಣೆಯನ್ನೂ ಹೊರಬೇಕು ಎಂಬುದು ಇದರಿಂದ ಸಿದ್ಧವಾಗುತ್ತದೆ.

ಕಲಿಯುವವನ ದುಡಿಮೆ ಎಂಬ ಹೆಸರಿನಲ್ಲಿ ಬಿಟ್ಟಿ ಚಾಕರಿ ನಡೆಯಬಾರದು. ಭಾರತ ಸಂವಿಧಾನದ 23ನೆಯ ಅನುಚ್ಛೇದವು ಬಿಟ್ಟಿ ದುಡಿಮೆಯನ್ನು ನಿಷೇಧಿಸಿದೆ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಬಲವಂತದ ದುಡಿಮೆಯೇ ಎಂದು ಸರ್ವೋಚ್ಚ ನ್ಯಾಯಾಲಯವು 1982ರಲ್ಲಿ, ಏಷ್ಯಾಡ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ, ತೀರ್ಪು ನೀಡಿತು. ಸೆರೆಮನೆಯಲ್ಲಿ ದುಡಿಯುವ ಕೈದಿಗಳಿಗೂ ನ್ಯಾಯವಾದ ಕೂಲಿ ಸಲ್ಲಬೇಕೆಂದು ಅದೇ ನ್ಯಾಯಾಲಯ 1998ರಲ್ಲಿ ಹೇಳಿತು. ಈ ತೀರ್ಪುಗಳು ವಿದ್ಯಾರ್ಥಿ ಯೋಜನೆಗಳನ್ನು ಕುರಿತವಲ್ಲ. ಆದರೂ ಕೈದಿಯ ದುಡಿಮೆಗೂ ಬೆಲೆಯಿದೆ ಎಂದ ಮೇಲೆ ವಿದ್ಯಾರ್ಥಿಯ ದುಡಿಮೆಯನ್ನು ಅಗ್ಗವಾಗಿ ಕಾಣುವುದು ವಿದ್ಯಾಸಂಸ್ಥೆಗೆ ಶೋಭಿಸದು.

ಇನ್ನು ಅರ್ಹತೆಯ ವಿಷಯ. ನಿಧಿ ಅಲ್ಪ, ಅರ್ಜಿಗಳು ಅನೇಕ. ಆದುದರಿಂದ ಕುಟುಂಬದ ಆದಾಯವನ್ನು ನೋಡುವುದು ಅನಿವಾರ್ಯ. ಆದರೆ ಕಾಗದ ಹೇಳುವುದೂ ಮನೆಯ ಪರಿಸ್ಥಿತಿಯೂ ಯಾವಾಗಲೂ ಒಂದೇ ಆಗಿರುವುದಿಲ್ಲ. ಹಿಂದಿನ ವರ್ಷದ ಆದಾಯ ಪ್ರಮಾಣಪತ್ರದಲ್ಲಿ ಮಳೆ ಬಂದ ವರ್ಷದ ಬೆಳೆ ಕಾಣುತ್ತದೆ. ಈ ವರ್ಷದ ಬರ ಕಾಣುವುದಿಲ್ಲ. ತಂದೆ ತೀರಿಕೊಂಡ ಮನೆಯ ಹುಡುಗನಿಗೆ ಹೊಸ ಪ್ರಮಾಣಪತ್ರ ಕೈಸೇರುವ ಹೊತ್ತಿಗೆ ಅರ್ಜಿಯ ಕಡೆಯ ದಿನ ಮುಗಿದಿರುತ್ತದೆ. ಇಂತಹ ಪ್ರಸಂಗಗಳಲ್ಲಿ ವಿಚಾರಣೆ ಮಾಡಿ ತಾತ್ಕಾಲಿಕವಾಗಿ ಕೆಲಸ ನೀಡುವ ಅಧಿಕಾರ ಪ್ರಾಂಶುಪಾಲರಿಗಿದ್ದರೆ ಎಷ್ಟೋ ಮಂದಿ ನಡುವೆ ಓದು ಬಿಡುವುದನ್ನು ತಪ್ಪಿಸಬಹುದು. ಒಬ್ಬ ವಿದ್ಯಾರ್ಥಿ ಓದು ಬಿಟ್ಟು ಊರಿಗೆ ಮರಳಿದನೆಂದರೆ ಅವನನ್ನು ಮತ್ತೆ ಕಾಲೇಜಿಗೆ ಕರೆತರುವುದು ಬಲು ಕಷ್ಟ.

ಅರ್ಜಿ ಸಲ್ಲಿಸುವ ವಿದ್ಯಾರ್ಥಿಗಳು ಕೆಲವು ಅಂಶಗಳನ್ನು ಗಮನದಲ್ಲಿಡುವುದು ಒಳ್ಳೆಯದು. ಆದಾಯ ಪ್ರಮಾಣಪತ್ರ, ಅಗತ್ಯವಿದ್ದಲ್ಲಿ ಜಾತಿ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರಗಳನ್ನು ಪ್ರವೇಶದ ವೇಳೆಯಲ್ಲಿಯೇ ಸಿದ್ಧಪಡಿಸಿಕೊಳ್ಳಬೇಕು. ಬ್ಯಾಂಕ್ ಖಾತೆ ಸ್ವಂತ ಹೆಸರಿನಲ್ಲಿರಬೇಕು. ಗಂಟೆಯ ದರವೆಷ್ಟು, ತಿಂಗಳ ಮಿತಿಯೆಷ್ಟು, ಪರೀಕ್ಷೆಯ ದಿನಗಳಲ್ಲಿ ಬಿಡುವುಂಟೇ, ಇನ್ನೊಂದು ವಿದ್ಯಾರ್ಥಿವೇತನ ಪಡೆಯುತ್ತಿದ್ದರೆ ಅದಕ್ಕೆ ಬಾಧಕವಾಗುವುದೇ ಎಂಬುದನ್ನು ಕೆಲಸಕ್ಕೆ ಸೇರುವ ಮೊದಲೇ ಲಿಖಿತವಾಗಿ ಕೇಳಿ ತಿಳಿಯಬೇಕು. ದುಡಿದ ಗಂಟೆಗಳನ್ನು ಹಾಜರಿ ಪುಸ್ತಕದಲ್ಲಷ್ಟೇ ಅಲ್ಲದೆ ತಮ್ಮ ಟಿಪ್ಪಣಿ ಪುಸ್ತಕದಲ್ಲಿಯೂ ಬರೆದಿಡಬೇಕು. ಅನ್ಯಾಯವಾದಲ್ಲಿ ಮೊದಲು ಕಾಲೇಜಿನ ಕುಂದುಕೊರತೆ ನಿವಾರಣಾ ಸಮಿತಿಗೂ, ಅಲ್ಲಿ ಪರಿಹಾರ ದೊರೆಯದಿದ್ದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ 2023ರ ವಿನಿಯಮಗಳಂತೆ ನೇಮಕವಾಗುವ ಓಂಬುಡ್ಸ್‌ಪರ್ಸನ್ ಅವರಿಗೂ ದೂರು ಸಲ್ಲಿಸಲು ಅವಕಾಶವಿದೆ.

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಕನ್ನಡಿಗರಿಗೆ ಚಿರಪರಿಚಿತ. ಕಾಯಕದ ಹಿರಿಮೆಯನ್ನು ಹನ್ನೆರಡನೆಯ ಶತಮಾನದ ಶರಣರು ಸಾರಿದರು. ಕಾಯಕಕ್ಕೂ ಮಿತಿಯುಂಟೆಂಬುದನ್ನು ತೋರಿಸಿದ ಕಥೆಯೂ ಅವರ ನಡುವೆಯೇ ಇದೆ. ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಪತ್ನಿ ಲಕ್ಕಮ್ಮ, ಅಂದಿನ ಅಗತ್ಯಕ್ಕೆ ಮೀರಿದುದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಅವನನ್ನು ಮರಳಿ ಕಳುಹಿಸಿದಳು. ಹೆಚ್ಚಿನದು ಇನ್ನೊಬ್ಬರ ಪಾಲು ಎಂಬುದು ಆ ಕಥೆಯಿಂದ ಹೊರಡುವ ನೀತಿ. ಆದರೆ ಲಕ್ಕಮ್ಮ ಮರಳಿಸಿದುದು ಹೆಚ್ಚಾದ ಅಕ್ಕಿಯನ್ನು ಮಾತ್ರ. ಅಂದಿನ ಊಟಕ್ಕೆ ಬೇಕಾದುದನ್ನು ಮರಳಿಸಲಿಲ್ಲ. ಗಳಿಕೆಗೆ ಮಿತಿ ಗೊತ್ತುಪಡಿಸುವವರು ಈ ಎರಡನೆಯ ಮಾತನ್ನೂ ಮರೆಯಲಾಗದು. ವಿದ್ಯಾರ್ಥಿಯ ಅಂದಿನ ಊಟ, ಅಂದಿನ ಪುಸ್ತಕ ಮತ್ತು ಓದಲು ಬೇಕಾದಷ್ಟು ಹೊತ್ತು ಇವಿಷ್ಟು ಅವನಿಗೆ ದಕ್ಕಿದ ಮೇಲೆಯೇ ಮಿತಿಯ ಗೆರೆ ಎಳೆಯಬೇಕು. ಯೆರವಡಾದ ಸೆರೆಮನೆಯಲ್ಲಿ 1932ರಲ್ಲಿ ಬರೆದ 9ನೆಯ ಅಂಶದಲ್ಲಿದ್ದುದೂ 'ಸಾಕಷ್ಟು' ಎಂಬ ಮಾತೇ. ಅದು ಎಷ್ಟೆಂಬುದನ್ನು ಆಯಾ ಕಾಲದ ಸರ್ಕಾರ, ವಿಶ್ವವಿದ್ಯಾಲಯ ಮತ್ತು ಸಮಾಜ ಪ್ರಾಮಾಣಿಕವಾಗಿ ಲೆಕ್ಕಹಾಕಿದಾಗ ಬಡವರ ಮಕ್ಕಳು ಯಾರ ಮುಖವನ್ನೂ ನೋಡದೆ, ತಲೆಯೆತ್ತಿ ಓದು ಮುಗಿಸುವುದು ಸಾಧ್ಯವಾಗುತ್ತದೆ.